ದನಿಗೆ ಎರಡು ನಕ್ಷತ್ರ

ನನ್ನ ಮುಖ ನಮ್ಮೂರಿನಲ್ಲಿ ಹತ್ತು ಜನರಿಗೆ ಗೊತ್ತಿದ್ದರೆ ಹೆಚ್ಚು. ದನಿ ಮಾತ್ರ ಸುತ್ತಲಿನ ಹದಿನಾಲ್ಕು ಹಳ್ಳಿಗೂ ಗೊತ್ತು. ಬಸ್ ನಿಲ್ದಾಣದ ಮೂಲೆಯಲ್ಲಿ, ಶೌಚಾಲಯಕ್ಕೂ ಪಾಸು ಕೊಡುವ ಕಿಟಕಿಗೂ ನಡುವೆ, ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಲೂ ಆಗದಂಥ ಒಂದು ಗೂಡಿದೆ. ಆ ಗೂಡಿನಲ್ಲಿ ಮೈಕಿನ ಮುಂದೆ ಹದಿನೇಳು ವರ್ಷದಿಂದ ಕೂತಿರುವವಳು ನಾನು, ಚೆನ್ನಾಜಮ್ಮ. “ಪ್ರಯಾಣಿಕರ ಗಮನಕ್ಕೆ” ಎಂದು ನಾನು ಬಾಯಿ ತೆರೆದರೆ ಕಡಲೆಕಾಯಿ ಸುಲಿಯುತ್ತಿರುವವರ ಕೈ ನಿಲ್ಲುತ್ತದೆ ಎಂದು ನಂಬಿಕೊಂಡಿದ್ದೆ. ಆ ನಂಬಿಕೆಗೆ ಏನಾಯಿತು ಎಂಬುದನ್ನೇ ಈಗ ಹೇಳಹೊರಟಿದ್ದೇನೆ.

ಮೊದಲು ನಕ್ಷತ್ರದ ವಿಚಾರ ಹೇಳಿಬಿಡುತ್ತೇನೆ. ಪರದೆಯ ಮೇಲೆ ಮೀಟಿಂಗ್ ಮುಗಿದ ಕೂಡಲೇ ಒಂದು ಪ್ರಶ್ನಾವಳಿ ಮೇಲೇಳುತ್ತದಲ್ಲ, ಅದು ಎಲ್ಲ ಊರಿನಲ್ಲೂ ಏಳುತ್ತದಂತೆ. ಆದರೆ ನಮ್ಮೂರಿನಲ್ಲಿ ನೀವು ಅದರಲ್ಲಿ ಏನು ಒತ್ತುತ್ತೀರೋ ಅದು ಎದುರಿನವರಿಗೆ ಅಂಟಿಕೊಳ್ಳುತ್ತದೆ. ಚಿತ್ರ ಮಸುಕಾಗಿತ್ತು ಎಂದರೆ ಆ ಮನುಷ್ಯರು ಮಸುಕಾಗುತ್ತಾರೆ. ಒತ್ತಿದವರೇ ಇನ್ನೊಂದು ಮೀಟಿಂಗ್ ಮಾಡಿ ಬೇರೆ ಏನಾದರೂ ಒತ್ತುವ ತನಕ ಹಾಗೆಯೇ ಇರುತ್ತಾರೆ. ನೂರು ಜನ ಐದೈದು ನಕ್ಷತ್ರ ಕೊಟ್ಟು ಒಬ್ಬರು ಎರಡು ಕೊಟ್ಟರೆ ಅಂಟುವುದು ಆ ಎರಡೇ. ಯಾಕೆ ಹೀಗೆ ಎಂದು ನನ್ನನ್ನು ಕೇಳಬೇಡಿ. ಕಂಪನಿಯವರನ್ನು ಕೇಳಿ, ಅವರು ನಿಮಗೂ ಒಂದು ಪ್ರಶ್ನಾವಳಿ ಕಳಿಸುತ್ತಾರೆ.

ಶುರುವಿನಲ್ಲಿ ಜನಕ್ಕೆ ಇದು ಗೊತ್ತಿರಲಿಲ್ಲ. ಜವಳಿ ಅಂಗಡಿಯ ಗುರುಶಾಂತಪ್ಪನವರು ತಮ್ಮ ಬೀಗರ ಜೊತೆ ಮಾತಾಡಿ ಮುಗಿಸಿ, ಚಿತ್ರ ಚೆನ್ನಾಗಿರಲಿಲ್ಲ ಎಂದು ಇದ್ದದ್ದನ್ನು ಇದ್ದಂತೆ ಒತ್ತಿದರು. ಬೀಗರು ಎಂಟು ದಿನ ಅಂಚೇ ಇಲ್ಲದವರ ಹಾಗೆ ಓಡಾಡಿದರು. ಕಿವಿ ಎಲ್ಲಿ ಮುಗಿಯುತ್ತದೆ, ಕೆನ್ನೆ ಎಲ್ಲಿ ಶುರುವಾಗುತ್ತದೆ ಎಂದು ತಿಳಿಯದೆ ಕ್ಷೌರದವನು ಕತ್ತಿ ಮುಟ್ಟಲೇ ಇಲ್ಲ. ಇನ್ನೊಬ್ಬ ತಾಯಿ, ಚಿತ್ರ ನಡುನಡುವೆ ನಿಂತುಹೋಗುತ್ತಿತ್ತು ಎಂದು ಗಂಡನ ಬಗ್ಗೆ ಬರೆದಳು. ಆತ ಕಚೇರಿಯ ಮೆಟ್ಟಿಲ ಮೇಲೆ ಒಂದು ಕಾಲು ಎತ್ತಿದವನು ಸಂಜೆಯವರೆಗೆ ಇಳಿಸಲಿಲ್ಲ. ಕಚೇರಿಯಲ್ಲಿ ಮಾತ್ರ ಯಾರಿಗೂ ಅನುಮಾನ ಬರಲಿಲ್ಲವಂತೆ.

ಇಂಥವು ನಾಲ್ಕಾರು ಆದ ಮೇಲೆ ಊರಿಗೆ ಬುದ್ಧಿ ಬಂತು. ಅಂದಿನಿಂದ ನಮ್ಮಲ್ಲಿ ಯಾರೂ ಪ್ರಶ್ನೆ ಓದುವುದಿಲ್ಲ. ಏನೇ ಕೇಳಲಿ, ಕಣ್ಣು ಮುಚ್ಚಿ ಐದು ಒತ್ತುತ್ತೇವೆ. ಹೋಗಲಿ ಬಿಡು ಎಂದು ಮುಚ್ಚಿಹಾಕೋಣವೆಂದರೆ ಅದಕ್ಕೆ ಎರಡೇ ಗುಂಡಿ: ‘ಈಗ’ ಮತ್ತು ‘ಆಮೇಲೆ’. ‘ಬೇಡ’ ಎಂಬ ಗುಂಡಿಯನ್ನು ಇಡಲು ಕಂಪನಿಯವರಿಗೆ ಇನ್ನೂ ಹೊಳೆದಿಲ್ಲ. ‘ಆಮೇಲೆ’ ಒತ್ತಿದಿರೋ, ಹಾಲು ಉಕ್ಕುವ ಹೊತ್ತಿಗೆ ಸರಿಯಾಗಿ ಬಂದು ನಿಲ್ಲುತ್ತದೆ. ನನ್ನ ಸೋದರಮಾವ ತೀರಿಕೊಂಡಾಗ ದೂರದಲ್ಲಿದ್ದ ನೆಂಟರೆಲ್ಲ ಪರದೆಯ ಮೇಲೆ ಸೇರಿ ಅತ್ತೆವು. ಮೂಗು ಒರೆಸಿಕೊಳ್ಳುವಷ್ಟರಲ್ಲಿ ಬಂತು: ‘ನಿಮ್ಮ ಅನುಭವ ಹೇಗಿತ್ತು? ಇಂಥ ಮೀಟಿಂಗನ್ನು ಸ್ನೇಹಿತರಿಗೆ ಶಿಫಾರಸು ಮಾಡುವಿರಾ?’ ಐದು ಒತ್ತಿದೆವು. ಹೋದ ವರ್ಷ ಕಂಪನಿಯವರು ನಮ್ಮೂರಿಗೆ ‘ಅತ್ಯಂತ ಸಂತೃಪ್ತ ಬಳಕೆದಾರರ ಊರು’ ಎಂದು ಚೌಕಟ್ಟು ಹಾಕಿದ ಪ್ರಮಾಣಪತ್ರ ಕಳಿಸಿದ್ದಾರೆ. ಅಂಚೆಯಲ್ಲಿ ಗಾಜು ಒಡೆದಿತ್ತು. ಅದಕ್ಕೂ ಐದು ಒತ್ತಿದೆವು.

ಒಂದು ಗುರುವಾರ ಸಂಜೆ ಹೊಸ ಬಸ್ ವೇಳಾಪಟ್ಟಿಯ ಬಗ್ಗೆ ಪ್ರಯಾಣಿಕರ ಸಭೆಯಿತ್ತು. ಪರದೆಯ ಮೇಲೆಯೇ. ನಲವತ್ತೊಂದು ಜನ ಸೇರಿದ್ದರು. ನಮ್ಮ ಕಂಟ್ರೋಲರ್ ಮರಿಗೌಡರು ಎರಡು ಮಾತು ಸ್ವಾಗತ ಹೇಳಿ, ಪಟ್ಟಿ ಓದುವ ಕೆಲಸ ನನಗೆ ಬಿಟ್ಟರು. ಓದಿದೆ. ಅವತ್ತು ನೆಟ್‌ವರ್ಕಿಗೆ ಏನು ಬಂದಿತ್ತೋ, ಮುಖಗಳೆಲ್ಲ ಬಂದು ಬಂದು ಹೋಗುತ್ತಿದ್ದವು. ಆದರೂ ಕೊನೆಯಲ್ಲಿ ಎಲ್ಲರೂ ಕೈ ಮುಗಿದರು, ನಾನೂ ಮುಗಿದೆ, ಎಲ್ಲರ ಪರದೆಯ ಮೇಲೂ ಪ್ರಶ್ನಾವಳಿ ಎದ್ದಿತು. ನಾನು ಓದಿದ್ದು ಮರಿಗೌಡರ ಮೊಬೈಲಿನಲ್ಲಾದ್ದರಿಂದ ಒತ್ತುವ ಕೆಲಸ ಅವರಿಗೇ ಬಿಟ್ಟು, ನಿಶ್ಚಿಂತೆಯಿಂದ ಮನೆಗೆ ಹೋಗಿ ಚಿತ್ರಾನ್ನ ಕಲಸಿದೆ.

ಶುಕ್ರವಾರ ಬೆಳಿಗ್ಗೆ ಮೈಕ್ ಹಾಕಿ ಬಾಯಿ ತೆರೆದರೆ, “ಪ್ರಯಾಣಿಕರ… ಎರಡನೇ…” ಎಂದು ಬಂತು, ಆಮೇಲೆ ಗಾಳಿ. ನೀರು ಕುಡಿದೆ. ಏಲಕ್ಕಿ ಅಗಿದೆ. ಮತ್ತೆ ಹೇಳಿದೆ. ಐದು ಮಾತಾಡಿದರೆ ಎರಡು ಹೊರಗೆ ಬರುತ್ತಿದ್ದವು, ಮೂರು ಗಂಟಲಿನಲ್ಲೇ ಇಂಗುತ್ತಿದ್ದವು. ಎಣಿಸಿದ ಮೇಲೆ ಗೊತ್ತಾಯಿತು. ಯಾರೋ ಎರಡು ನಕ್ಷತ್ರ ಕೊಟ್ಟಿದ್ದರು.

ಬಸ್ಸು ನನಗಾಗಿ ಕಾಯುವುದಿಲ್ಲವಲ್ಲ, ಅದೇ ದನಿಯಲ್ಲಿ ಮಧ್ಯಾಹ್ನದವರೆಗೆ ಕೂಗಿದೆ. ಹಾಲುಗುಂದಿಗೆ ಹೆಣ್ಣು ನೋಡಲು ಹೊರಟಿದ್ದ ಆರು ಜನ ಎತ್ತಿನಕೊಪ್ಪದ ದನದ ಸಂತೆಯಲ್ಲಿ ಇಳಿದರು. ಅಲ್ಲಿಯೂ ಹಲ್ಲು ನೋಡಿ, ನಡಿಗೆ ನೋಡಿ, ಮನೆತನ ವಿಚಾರಿಸುವ ಪದ್ಧತಿಯೇ ಇದ್ದುದರಿಂದ ಅರ್ಧ ಗಂಟೆ ಅವರಿಗೆ ವ್ಯತ್ಯಾಸ ತಿಳಿಯಲಿಲ್ಲವಂತೆ. ತಿಳಿದ ಮೇಲೆ ನೇರ ನಿಲ್ದಾಣಕ್ಕೆ ಬಂದು ಮರಿಗೌಡರ ಮೇಜು ಗುದ್ದಿದರು.

ಮರಿಗೌಡರು ಕೆಟ್ಟವರಲ್ಲ. ಯಾರು ಮೇಜು ಗುದ್ದಿದರೂ ಅವರ ಪರವಾಗಿ ನಿಂತುಬಿಡುವ ಸ್ವಭಾವ, ಅಷ್ಟೇ. ಗೂಡಿನ ಬಾಗಿಲಿಗೆ ಬಂದು, “ಚೆನ್ನಾಜಮ್ನೋರೇ, ನಾನೇನ್ ಮಾಡ್ಲಿ ಹೇಳಿ. ಹೆಡ್ಡಾಫೀಸಿಗೆ ಆಗ್ಲೇ ಸುದ್ದಿ ಹೋಗ್ಬಿಟ್ಟಿದೆ. ಸೋಮವಾರ ಬೆಳಿಗ್ಗೆ ಸಾಹೇಬ್ರು ಬರ್ತಾರಂತೆ. ಕೂಗೋ ಮೆಷಿನ್ನು ಜೊತೆಗೇ ತರ್ತಾರಂತೆ. ನೀವು ಕೂಗಿದ್ದರಲ್ಲಿ ಒಂದು ಮಾತು ಕೇಳಿಸ್ದೆ ಇದ್ರೂ ಮೆಷಿನ್ನು ಇಳಿಸ್ತಾರೆ, ಮೈಕು ಬಿಚ್ತಾರೆ” ಎಂದರು. ನನ್ನನ್ನು ಏನು ಮಾಡುತ್ತಾರೆ ಎಂದು ಕೇಳಬೇಕಿತ್ತು. “ನನ್ನ… ಮಾಡ್ತಾರೆ?” ಎಂದು ಬಂತು. “ಲಗೇಜು ಚೀಟಿ ಹರಿಯೋ ಕಡೆ ಹಾಕ್ತಾರೆ. ಅಲ್ಲಿ ಮಾತೇ ಬೇಕಾಗಲ್ಲ ನೋಡಿ” ಎಂದು ನನ್ನನ್ನು ಸಮಾಧಾನಪಡಿಸಿ ಹೋದರು.

ನನಗೆ ಅಳು ಬಂತು. ಹದಿನೇಳು ವರ್ಷದಲ್ಲಿ ನಾನು ಒಂದು ಊರಿಗೂ ಹೋದವಳಲ್ಲ. ಆದರೆ ದಿನಕ್ಕೆ ಅರವತ್ತು ಸಲ ಆ ಊರುಗಳ ಹೆಸರು ಹೇಳಿ ಹೇಳಿ ಅವೆಲ್ಲ ನನ್ನವೇ ಎನಿಸಿಬಿಟ್ಟಿದ್ದವು. ಆ ಗೂಡಿನಿಂದ ಹೊರಗೆ ನಾನು ಯಾರೂ ಅಲ್ಲ, ತರಕಾರಿಯವನು ಕೂಡ ಬದನೆಕಾಯಿ ಆರಿಸಲು ಬಿಡುವುದಿಲ್ಲ. ಮನೆಯಲ್ಲಿ ನಮ್ಮ ಯಜಮಾನರಿಗೆ ಮಾತ್ರ ಮೂರು ದಿನವೂ ಹಬ್ಬ. ಬೈದದ್ದರಲ್ಲಿ ಐದಕ್ಕೆ ಎರಡೇ ತಲುಪುತ್ತಿತ್ತು. “ಈಗ ಎಷ್ಟು ಹಿತವಾಗಿ ಮಾತಾಡ್ತೀಯ ಕಣೇ” ಎಂದು ಎರಡನೇ ಸಲ ಸಾರು ಹಾಕಿಸಿಕೊಂಡರು.

ಆ ಎರಡು ಕೊಟ್ಟವರು ಯಾರು ಎಂದು ಪತ್ತೆ ಹಚ್ಚಿದ್ದು ನಿಲ್ದಾಣದ ಕ್ಯಾಂಟೀನಿನ ಸಂಜೀವ ಭಂಡಾರಿ. ಕರಾವಳಿಯಿಂದ ಬಂದು ನಮ್ಮೂರಿನಲ್ಲೇ ನೆಲೆ ನಿಂತವನು, ಸಭೆಯಲ್ಲಿ ಅವನೂ ಇದ್ದ. ಶನಿವಾರ ಬೆಳಿಗ್ಗೆ ಬನ್ಸ್ ಕರಿಯುತ್ತಾ, ನಲವತ್ತೊಂದು ಹೆಸರನ್ನೂ ಒಂದೊಂದಾಗಿ ತೆಗೆದುಹಾಕಿದ. “ಅವರಿಗೆ ಓದ್ಲಿಕ್ಕೆ ಬರೂದಿಲ್ಲ, ಐದೇ ಒತ್ತಿರ್ತಾರೆ. ಅವರಿಗೆ ಓದ್ಲಿಕ್ಕೆ ಬರ್ತದೆ, ಆದ್ರೆ ಓದೂದಿಲ್ಲ, ಐದೇ. ಇವ ನಿಮ್ಮ ಮೇಲೆ ಸಿಟ್ಟಿದ್ರೂ ಹೆದರುಪುಕ್ಕಲ, ಐದೇ.” ಕೊನೆಗೆ ಜಾಲರಿ ಸೌಟು ಎಣ್ಣೆಯ ಮೇಲೇ ಹಿಡಿದು ನಿಂತ. “ವೃಷಭೇಂದ್ರಯ್ಯ ಮೇಷ್ಟ್ರು ಇದ್ದರಲ್ಲ ಮಾರಾಯ್ತಿ!”

ನನಗೆ ಬೇರೆ ಸಾಕ್ಷಿಯೇ ಬೇಕಾಗಲಿಲ್ಲ. ವೃಷಭೇಂದ್ರಯ್ಯ ಮೇಷ್ಟ್ರು ನಮ್ಮೂರ ಹೈಸ್ಕೂಲಿನಲ್ಲಿ ಆರು ವರ್ಷ ಕನ್ನಡ ಹೇಳಿ, ಆಮೇಲೆ ಎಲ್ಲೆಲ್ಲಿಗೋ ವರ್ಗವಾಗಿ, ನಿವೃತ್ತಿಯ ನಂತರ ಹೋದ ತಿಂಗಳಷ್ಟೇ ಇಲ್ಲಿಗೆ ಮರಳಿದ್ದರು. ನಾನೂ ಅವರ ವಿದ್ಯಾರ್ಥಿನಿ. ಉಕ್ತಲೇಖನದಲ್ಲಿ ಒಂದೂ ತಪ್ಪಿಲ್ಲದೆ ಬರೆದರೂ ಹತ್ತಕ್ಕೆ ಒಂಬತ್ತು. ಆ ಒಂದು ಎಲ್ಲಿ ಹೋಯಿತು ಎಂದು ಕೇಳಿದರೆ, “ಪೂರ್ಣವಿರಾಮ ಹಾಕುವಾಗ ನಿನಗೆ ಅನುಮಾನವಿತ್ತು” ಎನ್ನುತ್ತಿದ್ದರು. ಪೂರ್ತಿ ಅಂಕವನ್ನು ಅವರು ಯಾರಿಗೂ ಕೊಟ್ಟವರಲ್ಲ. ಅವರ ಮದುವೆಯಲ್ಲಿ ಹೋಳಿಗೆಗೆ ಎಂಟೂವರೆ ಕೊಟ್ಟರು ಎಂದು ನಮ್ಮ ಕಾಲದ ಹುಡುಗಿಯರು ಹೇಳಿಕೊಂಡು ನಗುತ್ತಿದ್ದೆವು.

ಮಧ್ಯಾಹ್ನ ಪಾಳಿ ಮುಗಿಸಿ, ಎಲ್ಲವನ್ನೂ ಒಂದು ಕಾಗದದಲ್ಲಿ ಬರೆದುಕೊಂಡು, ಭಂಡಾರಿಯನ್ನು ಜೊತೆಗೆ ಕರೆದುಕೊಂಡು ಅವರ ಮನೆಗೆ ಹೋದೆ. ಮೇಷ್ಟ್ರು ಜಗಲಿಯಲ್ಲಿ ಕೂತು ಪತ್ರಿಕೆಯಲ್ಲಿ ಕೆಂಪು ಶಾಯಿಯಿಂದ ಏನೋ ತಿದ್ದುತ್ತಿದ್ದರು. “ಬಾಮ್ಮ, ಚೆನ್ನಾಜ. ಎಂಟನೇ ತರಗತಿ, ಬಿ ವಿಭಾಗ, ಕಿಟಕಿ ಪಕ್ಕದ ಬೆಂಚು” ಎಂದರು. ಕಾಗದ ಕೊಟ್ಟೆ. ಓದಿದರು. ಒಂದು ಕಡೆ ಕೊಂಬು ದೀರ್ಘ ಮಾಡಿದರು. ಆಮೇಲೆ ಒಳಗೆ ಹೋಗಿ ಒಂದು ನೋಟ್‌ಬುಕ್ಕು ತಂದು ನನ್ನ ಮುಂದೆ ಇಟ್ಟರು.

ನಾನು ಗುರುವಾರ ಓದಿದ್ದೆಲ್ಲ ಅದರಲ್ಲಿತ್ತು. ಅವರಿಗೆ ಕೇಳಿಸದೆ ಹೋದ ಮಾತಿನ ಜಾಗದಲ್ಲಿ ಒಂದೊಂದು ಗೆರೆ ಎಳೆದಿದ್ದರು, ಪಕ್ಕದಲ್ಲಿ ಎಣಿಕೆ ಹಾಕಿದ್ದರು. “ನೂರ ಎಂಬತ್ತು ಪದ. ಅದರಲ್ಲಿ ನನಗೆ ಕೇಳಿಸಿದ್ದು ಎಪ್ಪತ್ತೆರಡು. ಐದಕ್ಕೆ ಎಷ್ಟಾಯ್ತು? ಎರಡು. ಒಂದು ಚೂರೂ ಕಡಿಮೆ ಮಾಡಿಲ್ಲ, ಒಂದು ಚೂರೂ ಹೆಚ್ಚು ಮಾಡಿಲ್ಲ” ಎಂದರು. ಭಂಡಾರಿಗೆ ತಡೆಯಲಾಗಲಿಲ್ಲ. “ಸಾರ್, ಇಲ್ಲಿ ಒತ್ತಿದ್ದು ಅಂಟ್ತದೆ ಸಾರ್. ಹಾಗಾಗಿ ನಾವು ಎಲ್ಲರಿಗೂ ಐದೇ ಕೊಡೂದು.” ಮೇಷ್ಟ್ರು ಕನ್ನಡಕ ತೆಗೆದರು. “ಅಂಟುತ್ತೆ ಅನ್ನೋದು ಗೊತ್ತಿದ್ರೆ ಇನ್ನೂ ನೋಡಿ ಕೊಡಬೇಕಲ್ಲಪ್ಪ?”

ಇಂಥವರ ಜೊತೆ ವಾದ ಮಾಡಲು ಐದಕ್ಕೆ ಐದು ದನಿ ಇದ್ದರೂ ಸಾಲದು. ಕಾಲಿಗೆ ಬೀಳುವುದೊಂದು ಬಾಕಿಯಿತ್ತು, ಅದನ್ನೂ ಮಾಡಿದೆ. ಎಬ್ಬಿಸಿ ಕೂರಿಸಿ, ಒಂದು ಲೋಟ ಮಜ್ಜಿಗೆ ಕೊಟ್ಟು, “ಮರುಪರೀಕ್ಷೆ ತಗೋ, ಬೇಡ ಅನ್ನಲ್ಲ. ನಾಳೆ ನಾಲ್ಕು ಗಂಟೆಗೆ ಇಲ್ಲೇ ಬಾ. ನೆಟ್‌ವರ್ಕು ನಮ್ಮ ಮನೇಲಿ ಚೆನ್ನಾಗಿದೆ” ಎಂದರು.

ಭಾನುವಾರ ನಾಲ್ಕಕ್ಕೆ ನಾನು ಅವರ ಜಗಲಿಯಲ್ಲಿ ಮೊಬೈಲ್ ಹಿಡಿದು ಕೂತೆ, ಅವರು ಒಳಗಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತರು. ನಡುವೆ ಒಂದೇ ಗೋಡೆ. ಅವರು ಕೆಮ್ಮಿದರೆ ಮೊದಲು ಗೋಡೆಯಿಂದ ಕೇಳಿಸುತ್ತಿತ್ತು, ಆಮೇಲೆ ಮೊಬೈಲಿನಿಂದ. ಭಂಡಾರಿ ನನ್ನ ಪಕ್ಕದಲ್ಲಿ ಕೂತಿದ್ದ. ವೇಳಾಪಟ್ಟಿ ಓದಿದೆ. ಎಷ್ಟು ಒದ್ದಾಡಿದರೂ ಐದಕ್ಕೆ ಎರಡೇ ಬಂತು. ಮುಗಿಯಿತು. ಒಳಗಿನಿಂದ ನೋಟ್‌ಬುಕ್ಕಿನ ಹಾಳೆ ಮಗುಚಿದ ಸದ್ದು, ಕೂಡಿದ ಸದ್ದು, ಆಮೇಲೆ ಬಾಗಿಲು ತೆರೆದ ಸದ್ದು. “ಎರಡೇ ಬಂತಮ್ಮ. ಅದೇ ಎಪ್ಪತ್ತೆರಡು.”

“ನೀವು ಎರಡು ಕೊಟ್ಟದ್ದಕ್ಕೇ ಅಲ್ವಾ ಸಾರ್ ಅವರ ದನಿ ಹೀಗಾದ್ದು?” ಎಂದು ಭಂಡಾರಿ ಕೂಗಾಡಿದ. “ದನಿ ಹೀಗಿರೋದಕ್ಕೇ ಎರಡು ಕೊಟ್ಟಿರೋದು” ಎಂದರು ಮೇಷ್ಟ್ರು. “ಐದು ಕೊಟ್ರೆ ಸರಿಯಾಗ್ತದೆ!” “ಸರಿಯಾದ್ರೆ ಐದರ ಮಾತು ಆಡೋಣ. ಕೇಳಿಸದೆ ಇದ್ದದ್ದಕ್ಕೆ ಅಂಕ ಹಾಕೋದು ಹೇಗಪ್ಪ? ಆ ಪಾಪ ನನ್ನಿಂದಾಗಲ್ಲ.” ಇಬ್ಬರೂ ಹೀಗೇ ನಾಲ್ಕು ಸುತ್ತು ಸುತ್ತಿದರು. ಪ್ರಾಮಾಣಿಕರಿಂದ ಇಷ್ಟು ತೊಂದರೆಯಾಗುತ್ತದೆ ಎಂದು ನನಗೆ ಅವತ್ತಿನವರೆಗೆ ಗೊತ್ತಿರಲಿಲ್ಲ, ಯಾಕೆಂದರೆ ನಮ್ಮೂರಿನಲ್ಲಿ ಅಂಥವರು ಇರಲಿಲ್ಲ.

ಅಷ್ಟರಲ್ಲಿ ನನ್ನ ಮೊಬೈಲ್ ಟಿಣ್ ಎಂದಿತು. ನನ್ನ ಸರದಿಯ ಪ್ರಶ್ನಾವಳಿ. ಭಂಡಾರಿಯ ಕಣ್ಣು ಮಿನುಗಿತು. ಕಿವಿಯ ಹತ್ತಿರ ಬಗ್ಗಿ, “ಒಂದು ಒತ್ತಿ. ಚಿತ್ರಕ್ಕೂ ಒಂದು, ದನಿಗೂ ಒಂದು. ನಾಳೆ ಕನ್ನಡಿ ನೋಡಿಕೊಂಡಾಗ ಗೊತ್ತಾಗ್ಲಿ” ಎಂದ. ನನ್ನ ಬೆರಳು ಹೋಯಿತು, ಸುಳ್ಳು ಹೇಳುವುದಿಲ್ಲ. ಆ ಕ್ಷಣ ಮೇಷ್ಟ್ರ ಮೂಗು ಬಾಯಿ ಎಲ್ಲ ಒಂದಾಗಿ ಕಲಸಿಹೋಗಲಿ ಎಂಬಷ್ಟು ಸಿಟ್ಟಿತ್ತು. ಆದರೆ ಐದು ಬಿಟ್ಟು ಬೇರೆ ಒತ್ತಿ ಅಭ್ಯಾಸವಿಲ್ಲದ ಬೆರಳು, ಒಂದು ಎಲ್ಲಿದೆ ಎಂದು ಹುಡುಕಬೇಕಾಯಿತು. ಹುಡುಕುವಾಗ ಕಣ್ಣು ಪ್ರಶ್ನೆಯ ಮೇಲೆ ಬಿತ್ತು. ಇಷ್ಟು ವರ್ಷದಲ್ಲಿ ಮೊದಲ ಸಲ ಅದನ್ನು ಓದಿದೆ.

ಮೊದಲನೆಯದು ಚಿತ್ರ. ಎರಡನೆಯದು ದನಿ. ಮೂರನೆಯದು ಹೀಗಿತ್ತು: ‘ನಿಮ್ಮ ಮಾತು ಎದುರಿನವರಿಗೆ ಪೂರ್ತಿಯಾಗಿ ಕೇಳಿಸಿತೇ?’

ಮೂರು ಸಲ ಓದಿಕೊಂಡೆ. ಊರಿಗೆ ಊರೇ ದಿನವೂ ಒತ್ತುವ ಪ್ರಶ್ನೆ, ಒಬ್ಬರೂ ಓದಿರಲಿಲ್ಲ. ಇದೂ ಅಂಟುವುದು ಮೇಷ್ಟ್ರ ಕಿವಿಗೇ ಅಲ್ಲವೇ? ಪೂರ್ತಿ ಸುಳ್ಳು ಎಂದು ಗೊತ್ತಿದ್ದೇ, ಗಟ್ಟಿಯಾಗಿ, ಐದು ಒತ್ತಿದೆ. ಆಮೇಲೆ ಕಾಗದದಲ್ಲಿ ಬರೆದು ಮೇಷ್ಟ್ರಿಗೆ ತೋರಿಸಿದೆ: ಇನ್ನೊಂದೇ ಒಂದು ಸಲ. ಗಡಿಯಾರ ನೋಡಿದರು. “ಒಂದು ದಿನಕ್ಕೆ ಎರಡೇ ಪರೀಕ್ಷೆ. ಇದೇ ಕೊನೇದು” ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಮತ್ತೆ ಓದಿದೆ. ನನ್ನ ಕಿವಿಗೆ ಅದೇ ಐದಕ್ಕೆ ಎರಡು. ಪಕ್ಕದಲ್ಲಿದ್ದ ಭಂಡಾರಿ, “ಅಯ್ಯೋ, ಹಾಗೇ ಉಂಟಲ್ಲ” ಎಂದು ತಲೆ ಮೇಲೆ ಕೈ ಇಟ್ಟುಕೊಂಡ. ಆದರೆ ಪರದೆಯ ಮೇಲೆ ಮೇಷ್ಟ್ರ ಹುಬ್ಬು ಮೇಲೆ ಹೋಗಿತ್ತು. ಪೆನ್ನು ಒಂದೇ ಸಮನೆ ಓಡುತ್ತಿತ್ತು. ಗೆರೆ ಎಳೆಯುವ ಸದ್ದೇ ಇಲ್ಲ. ಓದಿ ಮುಗಿಸಿದಾಗ, “ಚೆನ್ನಾಜ, ಈಗ ಸರಿಯಾಗಿ ಕೇಳಿಸ್ತಾ ಇದೆಯಮ್ಮ. ಆಗಲೇ ಹೀಗೆ ಓದೋದಕ್ಕೆ ಏನಾಗಿತ್ತು?” ಎಂದರು. ಭಂಡಾರಿ ಒಮ್ಮೆ ನನ್ನ ಬಾಯಿ ನೋಡಿದ, ಒಮ್ಮೆ ಗೋಡೆ ನೋಡಿದ. “ಇವರಿಗೆ ಎಂತ ಕೇಳಿತು?” ಎಂದು ಪಿಸುಗುಟ್ಟಿದ.

ಮೀಟಿಂಗ್ ಮುಗಿಯಿತು, ಕೋಣೆಯಲ್ಲಿ ಮೇಷ್ಟ್ರ ಮೊಬೈಲ್ ಟಿಣ್ ಎಂದಿತು. ಆಮೇಲೆ ನನ್ನ ಗಂಟಲಿನಲ್ಲಿ ಏನೋ ಸಡಿಲಾದಂತಾಯಿತು. “ಮೇಷ್ಟ್ರೇ, ಎಷ್ಟು ಕೊಟ್ರಿ?” ಎಂದೆ. ಎಲ್ಲ ಮಾತೂ ಬಂತು! ಭಂಡಾರಿ ಜಗಲಿಯಲ್ಲೇ ಎರಡು ಹೆಜ್ಜೆ ಕುಣಿದ. ಬಾಗಿಲು ತೆರೆದು ಮೇಷ್ಟ್ರು ಬಂದರು. ಮುಖದಲ್ಲಿ ಏನೂ ಇರಲಿಲ್ಲ, ನಲವತ್ತು ವರ್ಷ ಫಲಿತಾಂಶ ಹಚ್ಚಿದವರ ಮುಖ. “ನಾಲ್ಕು” ಎಂದರು.

“ಎಲ್ಲಾ ಕೇಳಿಸ್ತು ಅಂದ್ರಲ್ಲ! ಇನ್ನೊಂದು ಎಲ್ಲಿ ಹೋಯ್ತು?” ಎಂದೆ, ಎಂಟನೇ ತರಗತಿಯ ಸಿಟ್ಟೂ ಸೇರಿಸಿಕೊಂಡು.

“ಎಲ್ಲಾ ಕೇಳಿಸಿದ್ದಕ್ಕೇ ಒಂದು ಹೋಯ್ತು. ನೀನು ಕೊನೆಯ ಊರಿನ ಹೆಸರು ನುಂಗ್ತೀಯ. ದಾರಿಯ ಊರುಗಳನ್ನೆಲ್ಲ ಮುತ್ತು ಪೋಣಿಸಿದ ಹಾಗೆ ಹೇಳಿ, ಕೊನೆಯ ನಿಲ್ದಾಣ ಅಂತ ಬಂದ ಕೂಡಲೇ ಉಸಿರು ಬಿಟ್ಟುಬಿಡ್ತೀಯ. ಮನಸ್ಸು ಆಗಲೇ ಮುಂದಿನ ಬಸ್ಸಿಗೆ ಹೋಗಿರುತ್ತೆ. ಕಾರಣದ ಜಾಗದಲ್ಲಿ ಅದನ್ನೇ ಬರೆದಿದ್ದೀನಿ.”

ಬರೆದದ್ದು ಅಂಟಿತ್ತು. ಅಲ್ಲೇ ಹೇಳಿ ನೋಡಿದೆ: “ಕೊನೆಯ ನಿಲ್ದಾಣ…” ಮುಂದೆ ಸಂಕದಬೈಲು ಎನ್ನಬೇಕು. ತುಟಿ ಆಡಿತು, ದನಿ ಬರಲಿಲ್ಲ. “ನೋಡಿ, ಆ ಮಾತನ್ನೇ ಕಿತ್ಕೊಂಡ್ರಲ್ಲ ಮೇಷ್ಟ್ರೇ!” ಎಂದು ಕೂಗಿದೆ.

“ಅದು ನಿನ್ನೆ ಮೊನ್ನೆ ಹೋದದ್ದಲ್ಲಮ್ಮ” ಎಂದರು, ಬೈಯುವ ದನಿಯಲ್ಲಲ್ಲ, ಮೆತ್ತಗೆ. “ಒಂದು ತಿಂಗಳಿಂದ ಬಸ್ಸಿಗೆ ಅಂತ ಬಂದಾಗೆಲ್ಲ ಕೇಳಿದ್ದೀನಿ. ಯಾರೂ ನಿನಗೆ ಹೇಳಿಲ್ವಾ?”

ಯಾರೂ ಹೇಳಿರಲಿಲ್ಲ. ಹದಿನೇಳು ವರ್ಷ ಕೇಳಿ, ಐದು ನಕ್ಷತ್ರ ಕೊಟ್ಟಿದ್ದರು. ಮನೆಗೆ ನಡೆದು ಹೋಗುವಾಗ ದಾರಿಯುದ್ದಕ್ಕೂ ಭಂಡಾರಿ ಏನೇನೋ ಸಮಾಧಾನ ಹೇಳಿದ, ಕಿವಿಗೆ ಬೀಳಲಿಲ್ಲ. ನನ್ನನ್ನು ಚುಚ್ಚುತ್ತಿದ್ದದ್ದು ನಾಳೆಯ ಮೆಷಿನ್ನಲ್ಲ. ಊರೆಲ್ಲ ನನ್ನ ದನಿ ಕೇಳುತ್ತದೆ ಎಂದು ಬೀಗಿಕೊಂಡು ಕೂತಿದ್ದೆನಲ್ಲ, ಕೇಳಿಸಿಕೊಂಡವರು ಒಬ್ಬರೂ ಇರಲಿಲ್ಲ. ಕೇಳಿಸಿಕೊಂಡಿದ್ದರೆ ಒಬ್ಬರಾದರೂ ಕಿಟಕಿಗೆ ಬಂದು, ಏನಮ್ಮ, ಕೊನೆಗೆ ಏನು ನುಂಗಿದೆ ಎನ್ನುತ್ತಿರಲಿಲ್ಲವೇ? ಗೋಡೆಗೆ ಮಾತಾಡಿದ್ದೆ, ಗೋಡೆ ನನಗೆ ಐದು ಕೊಟ್ಟಿತ್ತು. ಇಷ್ಟು ವರ್ಷದಲ್ಲಿ ಕಿವಿಗೊಟ್ಟು ಕೇಳಿದವರು ಒಬ್ಬರೇ, ಅವರು ನನ್ನ ಕೆಲಸ ತೆಗೆದರು. ಅವತ್ತು ಯಜಮಾನರಿಗೆ ಬೈಯಲೂ ಮನಸ್ಸು ಬರಲಿಲ್ಲ. ಅವರು ಗಾಬರಿಯಾಗಿ ತಾವೇ ಪಾತ್ರೆ ತೊಳೆದರು.

ಸೋಮವಾರ ಬೆಳಿಗ್ಗೆ ಸಾಹೇಬರು ಏಳು ಗಂಟೆಗೇ ಬಂದರು. ಜೀಪಿನಿಂದ ಮೊದಲು ಮೆಷಿನ್ನಿನ ಪೆಟ್ಟಿಗೆ ಇಳಿಯಿತು, ಆಮೇಲೆ ಅವರು. ಕೈಯಲ್ಲಿ ಹಲಗೆಗೆ ಸಿಕ್ಕಿಸಿದ ಒಂದು ನಮೂನೆ ಇತ್ತು. ಮರಿಗೌಡರು ಕುರ್ಚಿ ಒರೆಸಿದರು, ಪೆಟ್ಟಿಗೆಯನ್ನೂ ಒರೆಸಿದರು. ಸಾಹೇಬರು ನನ್ನ ಗೂಡಿನ ಕಿಟಕಿಯ ಮುಂದೆ ನಿಂತು, ನನ್ನನ್ನು ನೋಡದೆ ನಮೂನೆಯನ್ನೇ ಗಟ್ಟಿಯಾಗಿ ಓದಿದರು: “ಪ್ರಕಟಣೆಯ ಪ್ರತಿಯೊಂದು ಪದವೂ ನಿಲ್ದಾಣದಲ್ಲಿ ಸ್ಪಷ್ಟವಾಗಿ ಕೇಳಿಸಿತೇ? ಹೌದು, ಇಲ್ಲ. ಇಷ್ಟೇ ಇರೋದು. ಹೂಂ, ಶುರು ಮಾಡಿ.”

ನಿಲ್ದಾಣ ತುಂಬಿತ್ತು. ಸೋಮವಾರ ಶಾಲೆಯವರು, ಕೋರ್ಟಿನವರು, ಆಸ್ಪತ್ರೆಯವರು ಎಲ್ಲ ಸೇರುವ ದಿನ. ಕ್ಯಾಂಟೀನಿನ ಬಾಗಿಲಲ್ಲಿ ಭಂಡಾರಿ ಕೈ ಒರೆಸುತ್ತಾ ನಿಂತಿದ್ದ. ಮೈಕ್ ಹಾಕಿದೆ. ಹೇಗೂ ಇದು ಕೊನೆಯ ಸಲ ಎಂದುಕೊಂಡು, ಯಾವತ್ತೂ ಹೇಳದಷ್ಟು ಚೆನ್ನಾಗಿ ಹೇಳಿದೆ. “ಪ್ರಯಾಣಿಕರ ಗಮನಕ್ಕೆ. ಎರಡನೇ ಅಂಕಣದಲ್ಲಿ ನಿಂತಿರುವ ಬಸ್ಸು ಏಳು ಮೂವತ್ತಕ್ಕೆ ಹೊರಡಲಿದೆ. ಮಾರ್ಗ: ಹಾಲುಗುಂದಿ, ಕಲ್ಲೇಮನೆ, ಎತ್ತಿನಕೊಪ್ಪ. ಕೊನೆಯ ನಿಲ್ದಾಣ…”

ಅಲ್ಲಿಗೆ ನಿಂತಿತು. ತುಟಿ ಆಡಿಸಿದೆ, ಕತ್ತು ನೀಡಿದೆ, ಗಾಳಿ ಬಿಟ್ಟು ಏನೂ ಇಲ್ಲ. ಮೈಕಿನಲ್ಲಿ ನನ್ನ ಉಸಿರು ಸುಯ್ಯೆಂದು ನಿಲ್ದಾಣವನ್ನೆಲ್ಲ ಸುತ್ತಿ ಬಂತು. ಸಾಹೇಬರು ಪೆನ್ನಿನ ಮುಚ್ಚಳ ತೆಗೆದರು.

ಆಗ ಎರಡನೇ ಅಂಕಣದ ಕಂಬಕ್ಕೆ ಒರಗಿ ಕೂತಿದ್ದ ಬುಟ್ಟಿಯ ಮುದುಕಿ, ಎಲೆ ಅಡಿಕೆ ಒಂದು ಕೆನ್ನೆಗೆ ಸರಿಸಿ, ತಲೆ ಕೂಡ ಎತ್ತದೆ, “ಸಂಕದಬೈಲೂ” ಎಂದಳು. ಅವಳ ಜೊತೆಗೇ ಇನ್ನೂ ನಾಲ್ಕಾರು ಜನ. ಅವರ ಹಿಂದೆ ಶಾಲೆಯ ಹುಡುಗಿಯರ ಗುಂಪು. ಆಮೇಲೆ ಇಡೀ ನಿಲ್ದಾಣ. “ಸಂಕದಬೈಲೂ!” ಬರಿಯ ಹೆಸರಲ್ಲ, ನಾನು ಎಳೆಯುವ ಹಾಗೆಯೇ ‘ಕದ’ ಎಂಬಲ್ಲಿ ಎತ್ತಿ, ‘ಬೈ’ ಎಂಬಲ್ಲಿ ಇಳಿಸಿ. ನನ್ನ ರಾಗ ಅದು. ನನಗೇ ಅಂಥದ್ದೊಂದು ರಾಗವಿದೆ ಎಂದು ಗೊತ್ತಿರಲಿಲ್ಲ. ನಾನು ನುಂಗಿದ್ದನ್ನು ಅವರು ಇಷ್ಟು ವರ್ಷ ಹೆಕ್ಕಿ ಇಟ್ಟುಕೊಂಡಿದ್ದರು.

“ಯಾರ್ರೀ ಅದು ಕೂಗಿದ್ದು?” ಎಂದರು ಸಾಹೇಬರು. ಮರಿಗೌಡರು ಸುತ್ತಲೂ ನೋಡಿದರು. ಎಷ್ಟು ಜನ ಮೇಜು ಗುದ್ದಬಹುದು ಎಂದು ಲೆಕ್ಕ ಹಾಕಿದರೋ ಏನೋ, ಮೊದಲ ಸಲ ಬೆನ್ನು ನೆಟ್ಟಗೆ ಮಾಡಿ, “ಪ್ರಯಾಣಿಕರು ಸಾರ್. ಎಲ್ಲರೂ” ಎಂದರು.

“ಇನ್ನೊಂದು ಹೇಳಿ” ಎಂದು ಸಾಹೇಬರು ನನ್ನ ಕಡೆ ತಿರುಗಿದರು. ನಾಲ್ಕನೇ ಅಂಕಣದ ಬಸ್ಸು ಹೇಳಿದೆ. ಒಂದು ಮಾತೂ ಬಿಡಲಿಲ್ಲ. ಕೊನೆಯ ನಿಲ್ದಾಣ ಎಂದು ನಿಂತೆ. ನಿಲ್ಲುವುದಕ್ಕೇ ಕಾಯುತ್ತಿದ್ದವರಂತೆ, “ಬಸರೀಕಟ್ಟೇ!” ಎಂದು ಚಾವಣಿಯ ತಗಡು ಅದುರುವ ಹಾಗೆ ಕೂಗಿದರು. ಚಾವಣಿಯ ಪಾರಿವಾಳಗಳೆಲ್ಲ ಎದ್ದು ಹಾರಿದವು. ಜನದ ನಡುವೆ ವೃಷಭೇಂದ್ರಯ್ಯ ಮೇಷ್ಟ್ರು ಕೈಚೀಲ ಹಿಡಿದು ನಿಂತಿದ್ದು ಆಗ ಕಣ್ಣಿಗೆ ಬಿತ್ತು. ಅವರ ಬಾಯಿಯೂ ತೆರೆದಿತ್ತು.

ಸಾಹೇಬರು ನಮೂನೆಯನ್ನು ಮತ್ತೊಮ್ಮೆ ಓದಿದರು, ಹಿಂದೆ ತಿರುಗಿಸಿ ನೋಡಿದರು. “ಪ್ರತಿಯೊಂದು ಪದವೂ ಕೇಳಿಸಿತೇ ಅಂತ ಕೇಳಿದ್ದಾರೆ. ಯಾರ ಬಾಯಿಂದ ಅಂತ ಕೇಳಿಲ್ಲ” ಎಂದು ತಮಗೆ ತಾವೇ ಹೇಳಿಕೊಂಡು, ‘ಹೌದು’ ಎಂಬಲ್ಲಿ ಗುರುತು ಹಾಕಿದರು. ಸಹಿ ಮಾಡಿದರು. ಪೆಟ್ಟಿಗೆ ಜೀಪಿಗೆ ವಾಪಸ್ ಏರಿತು. ಏಳು ಮೂವತ್ತರ ಬಸ್ಸು ಹೊರಟಿತು, ಜನ ತ‌ಮ್ಮ ತಮ್ಮ ಗಂಟು ಹೊತ್ತು ಹತ್ತಿದರು, ಯಾರೂ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನಾನು ಮೇಜಿನ ಮೇಲೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತೆ. ಮೈಕ್ ಆರಿಸಲು ಮರೆತಿದ್ದೆ. ಆರೂ ಅಂಕಣಗಳಿಗೆ ಸ್ಪಷ್ಟವಾಗಿ ಕೇಳಿಸಿತಂತೆ.